ಚೋಡಣದ ಹೆಸರು, ಕುಮಟೆಯ ಕಿರ್ದಿ

ನನ್ನ ತವರುಮನೆಯ ಅಡ್ಡಹೆಸರು ಚೋಡಣಕರ್. ತಂದೆಯ ಹೆಸರಿನ ಮೊದಲಕ್ಷರವೇ ಸಾಕೆನ್ನುವ ಬೆಂಗಳೂರಿನಲ್ಲಿ ಈ ಹೆಸರು ಕೇಳಿದವರು ಮೊದಲು ಕೇಳುವ ಪ್ರಶ್ನೆ, ‘ನೀವು ಮರಾಠಿಯವರಾ?’ ಅಲ್ಲ, ಮನೆಮಾತು ಕೊಂಕಣಿ, ಓದು ಬರಹ ಕನ್ನಡ, ಊರು ಕುಮಟೆ ಎಂದು ಹೇಳಿ ಮುಗಿಸುತ್ತಿದ್ದೆವು. ಅಲ್ಲಿಗೆ ನಿಲ್ಲದವಳು ಅಣ್ಣನ ಮಗಳು. ಶಾಲೆಯಲ್ಲಿ ವಂಶವೃಕ್ಷ ಬರೆದುಕೊಂಡು ಬರಲು ಹೇಳಿದ್ದರು. ‘ಅತ್ತೆ, ಕುಮಟೆಯ ಸುತ್ತಮುತ್ತ ಚೋಡಣ ಎನ್ನುವ ಊರೇ ಇಲ್ಲವಲ್ಲ, ಮತ್ತೆ ನಾವು ಎಲ್ಲಿಯವರು?’ ಎಂದು ಕೇಳಿದಳು. ಅಜ್ಜನ ತಂದೆಯಿಂದ ಆಚೆಗೆ ಹೆಸರು ಹೇಳಬಲ್ಲವರು ಮನೆಯಲ್ಲಿ ಯಾರೂ ಇರಲಿಲ್ಲ.

ಮದುವೆಯಾದ ಮೇಲೆ ನನ್ನ ಕಾಗದಪತ್ರಗಳಲ್ಲಿ ಬೇರೆ ಹೆಸರು ಬಂದಿದೆ. ಆದರೂ ಹುಡುಕಲು ಹೊರಟವಳು ನಾನೇ. ತವರಿನ ಹೆಸರಿನ ಮೇಲೆ ಹೆಣ್ಣುಮಕ್ಕಳಿಗೆ ಇರುವ ಮಮತೆ ಕಡಿಮೆಯದಲ್ಲ. ಮನೆತನದ ಹಳೆಯ ಸಂಗತಿಗಳನ್ನು ಜೋಪಾನ ಮಾಡಿದವರೂ ಬಹುಮಟ್ಟಿಗೆ ಅವರೇ ಎನ್ನುವುದು ಈ ಹುಡುಕಾಟದ ಉದ್ದಕ್ಕೂ ನನಗೆ ಕಂಡಿತು.

ಮನೆಯಲ್ಲಿ ಹೇಳಿಕೊಂಡು ಬಂದ ಕತೆ ಚಿಕ್ಕದು: ನಾವು ಗೋವೆಯವರು, ಪೋರ್ಚುಗೀಸರ ಕಾಟಕ್ಕೆ ದೇವರನ್ನು ಹೊತ್ತುಕೊಂಡು ದಕ್ಷಿಣಕ್ಕೆ ಬಂದವರು. ದೊಡ್ಡಪ್ಪನ ಬಳಿ ಇದಕ್ಕೊಂದು ಉಪಕಥೆಯೂ ಇತ್ತು. ನಮ್ಮದು ಅಕ್ಕಸಾಲಿಗರ ಮನೆತನ, ಹಿಂದಿನವರು ರಾಣಿಯರಿಗೆ ಚೂಡಾಮಣಿ ಮಾಡಿಕೊಡುತ್ತಿದ್ದರು, ಅದರಿಂದಲೇ ಚೋಡಣಕರ್ ಎಂಬ ಹೆಸರು ಬಂತು ಎನ್ನುತ್ತಿದ್ದರು. ಕೇಳಲು ಚೆನ್ನಾಗಿದೆ. ಆದರೆ ಕಾರವಾರ, ಗೋವೆಗಳ ಕಡೆ ‘ಕರ್’ ಸೇರುವುದು ಸಾಮಾನ್ಯವಾಗಿ ಊರಿನ ಹೆಸರಿಗೆ. ಗೋವೆಯ ತೀಸವಾಡಿ ತಾಲ್ಲೂಕಿನಲ್ಲಿ, ಮಾಂಡವಿ ನದಿಯ ನಡುವೆ, ಚೋಡಣ ಎಂಬ ದ್ವೀಪ ಇದ್ದೇ ಇದೆ. ಪೋರ್ಚುಗೀಸರು ಅದನ್ನು ಶೊರಾಂವ್ ಎಂದು ಕರೆದರು. ಸಂಸ್ಕೃತದಲ್ಲಿ ಬರೆದವರು ಚೂಡಾಮಣಿ ಎಂದರು. ದೊಡ್ಡಪ್ಪನ ಕತೆಯ ಒಡವೆ ಆ ಸಂಸ್ಕೃತ ಹೆಸರಿನಿಂದ ಬಂದಿರಬೇಕು. ಪಕ್ಕದ ದ್ವೀಪ ದಿವಾಡಿ, ಅದರ ಸಂಸ್ಕೃತ ಹೆಸರು ದೀಪವತಿ. 1877ರಲ್ಲಿ ಗೆರ್ಸನ್ ಡ ಕುನ್ಹಾ ಅಚ್ಚು ಹಾಕಿಸಿದ ಸಹ್ಯಾದ್ರಿಖಂಡ ಎಂಬ ಸಂಸ್ಕೃತ ಪುರಾಣಗ್ರಂಥದಲ್ಲಿ ಈ ಎರಡು ಹೆಸರುಗಳೂ ಬರುತ್ತವೆ.

ಇಷ್ಟನ್ನು ಯಾರು ಬೇಕಾದರೂ ಮನೆಯಲ್ಲೇ ಕುಳಿತು ತಿಳಿದುಕೊಳ್ಳಬಹುದು. ಅಡ್ಡಹೆಸರನ್ನು ಬೆರಳಚ್ಚಿಸಿದರೆ ಗೋತ್ರ, ಪ್ರವರ, ಮೂಲಪುರುಷ ಎಲ್ಲವನ್ನೂ ಒಂದೇ ಪುಟದಲ್ಲಿ ಕೊಡುವವರೂ ಇದ್ದಾರೆ. ನನಗೆ ಅದು ಬೇಡವಾಗಿತ್ತು. ಚೋಡಣಕರ್ ಎಂಬ ಹೆಸರಿನವರು ಗೋವೆಯಲ್ಲೂ ಉತ್ತರ ಕನ್ನಡದಲ್ಲೂ ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಅಕ್ಕಸಾಲಿಗರಿದ್ದಾರೆ, ರೈತರಿದ್ದಾರೆ, ಮೀನುಗಾರರಿದ್ದಾರೆ, ಶೇಂದಿ ಇಳಿಸುತ್ತಿದ್ದವರಿದ್ದಾರೆ. ಒಂದೇ ಹೆಸರು ಎಂದ ಮಾತ್ರಕ್ಕೆ ಒಂದೇ ಬಳ್ಳಿಯವರಲ್ಲ. ಹಾಗಾಗಿ ದ್ವೀಪದಿಂದ ಆರಂಭಿಸಿ ನಮ್ಮ ಮನೆಗೆ ಬರುವುದರಲ್ಲಿ ಅರ್ಥವಿರಲಿಲ್ಲ. ನಮ್ಮ ಮನೆಯಿಂದ ಹಿಂದಕ್ಕೆ ಒಂದೊಂದೇ ತಲೆಮಾರು ಹೋಗಬೇಕಿತ್ತು. ಈ ಕೆಲಸ ಮಾಡಬೇಕೆಂದಿರುವವರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ.

ಹತ್ತಿರದಲ್ಲಿದ್ದವರು ಮಲ್ಲೇಶ್ವರದ ಸೋದರತ್ತೆ. ಅಜ್ಜ ಕುಮಟೆ ಬಿಟ್ಟು ಬಂದು ನಗರತಪೇಟೆಯಲ್ಲಿ ಬಾಡಿಗೆಗೆ ಒಂದು ಕೋಣೆ ಹಿಡಿದು ಚಿನ್ನದ ಕೆಲಸ ಶುರು ಮಾಡಿದಾಗ ಅವರು ಇನ್ನೂ ಸಣ್ಣ ಹುಡುಗಿ. ಅಗ್ಗಿಷ್ಟಿಕೆಯ ಮುಂದೆ ಊದುಗೊಳವೆ ಹಿಡಿದು ಕೂತ ಅಜ್ಜ, ಮೂಸೆಯಲ್ಲಿ ಕರಗುವ ಚಿನ್ನ, ಗುಲಗಂಜಿ ಹಾಕಿ ತೂಗುವ ಪುಟ್ಟ ತಕ್ಕಡಿ ಎಲ್ಲವನ್ನೂ ಅವರು ಕಣ್ಣಿಗೆ ಕಟ್ಟುವಂತೆ ಹೇಳುತ್ತಾರೆ. ‘ಅಪ್ಪನಿಗೆ ಮಾಶೇಲದ ದೇವರು ಎಂದರೆ ಪ್ರಾಣ. ಪುಷ್ಯದಲ್ಲಿ ಮನಿಯಾರ್ಡರ್ ಕಳಿಸದೆ ಇರುತ್ತಿರಲಿಲ್ಲ’ ಎಂದರು. ಮಾಶೇಲ ಎಲ್ಲಿದೆ ಎಂದು ನಾನು ಕೇಳಿದೆ. ‘ನನಗೇನು ಗೊತ್ತು, ಹೋದವಳೇ ಅಲ್ಲ. ಅಜ್ಜನ ಪುಸ್ತಕದಲ್ಲಿ ಇದ್ದರೂ ಇರಬಹುದು’ ಎಂದು ಒಳಗಿನಿಂದ ಟ್ರಂಕ್ ಎಳೆಸಿದರು. ಅಜ್ಜ ತೀರಿಕೊಂಡಾಗ ಗಂಡುಮಕ್ಕಳು ತಕ್ಕಡಿ, ಒರೆಗಲ್ಲುಗಳನ್ನು ಹಂಚಿಕೊಂಡಿದ್ದರಂತೆ. ಯಾರಿಗೂ ಬೇಡವಾದ ಲೆಕ್ಕದ ಪುಸ್ತಕಗಳನ್ನು ಅತ್ತೆ ತಂದಿಟ್ಟುಕೊಂಡಿದ್ದರು.

ಅವು ಕಿರ್ದಿ ಪುಸ್ತಕಗಳು, ಅಂದರೆ ದಿನದಿನದ ಜಮಾಖರ್ಚು ಬರೆದಿಟ್ಟವು. ಕೆಂಪು ಬಟ್ಟೆಯ ಹೊದಿಕೆ, ಅಂಚಿನಲ್ಲಿ ದಪ್ಪ ದಾರದ ಹೊಲಿಗೆ, ಅಡ್ಡಲಾಗಿ ಅಲ್ಲ, ಮೇಲ್ಮುಖವಾಗಿ ತೆರೆಯುವ ಉದ್ದನೆಯ ಹಾಳೆಗಳು. ಎಲ್ಲಕ್ಕಿಂತ ಹಳೆಯದರ ಮೂಲೆಗಳನ್ನು ಹುಳು ತಿಂದಿದ್ದವು, ನಡುವೆ ಶಾಯಿ ಕಂದಾಗಿತ್ತು, ಆದರೆ ಅಕ್ಷರ ಅಳಿದಿರಲಿಲ್ಲ. ಅಜ್ಜನ ಕಾಲದವು ಕನ್ನಡದಲ್ಲಿ, ಅವಕ್ಕಿಂತ ಹಿಂದಿನವು ಮರಾಠಿ ಬರೆಯಲು ಹಿಂದೆ ಬಳಸುತ್ತಿದ್ದ ಮೋಡಿ ಲಿಪಿಯಲ್ಲಿ. ಮೋಡಿಯಲ್ಲಿ ಮೊದಲು ಹಾಳೆಯ ಉದ್ದಕ್ಕೂ ಗೆರೆ ಎಳೆದುಕೊಂಡು, ಆಮೇಲೆ ಲೇಖನಿ ಎತ್ತದೆ ಅಕ್ಷರಗಳನ್ನು ಅದಕ್ಕೆ ತಗುಲಿಸಿ ಬರೆಯುತ್ತಾರೆ. ಹ್ರಸ್ವ ದೀರ್ಘಗಳ ಭೇದ ಹೆಚ್ಚು ನೋಡುವುದಿಲ್ಲ, ಪದಗಳ ನಡುವೆ ಜಾಗವನ್ನೂ ಬಿಡುವುದಿಲ್ಲ. ಮರಾಠಿ ಬಲ್ಲವರಿಗೂ ಅಭ್ಯಾಸವಿಲ್ಲದಿದ್ದರೆ ಅದು ಓದಲು ಬರುವುದಿಲ್ಲ.

ಬೆಂಗಳೂರಿನಲ್ಲಿ ಮೋಡಿ ಓದುವವರು ಸಿಗುತ್ತಾರೆಯೇ ಎಂದು ವಿಚಾರಿಸುತ್ತ ಹೋದಾಗ ಬಸವನಗುಡಿಯಲ್ಲಿ ಒಬ್ಬ ಹಿರಿಯರು ಸಿಕ್ಕಿದರು. ಬೆಳಗಾವಿ ಕಡೆಯವರು, ಕಂದಾಯ ಇಲಾಖೆಯಲ್ಲಿದ್ದು ನಿವೃತ್ತರಾದವರು. ಎಂಬತ್ತು ದಾಟಿದ್ದರೂ ಭೂತಗನ್ನಡಿ ಹಿಡಿದು ಸಾಲು ಸಾಲಾಗಿ ಓದಬಲ್ಲರು. ಹಣದ ಮಾತು ಎತ್ತಿದ್ದಕ್ಕೆ ಬೇಸರ ಮಾಡಿಕೊಂಡರು. ಅವರು ಓದಿ ಹೇಳುವುದು, ನಾನು ಕನ್ನಡದಲ್ಲಿ ಬರೆದುಕೊಳ್ಳುವುದು ಎಂದು ಗೊತ್ತುಮಾಡಿಕೊಂಡು ರಜೆಯ ದಿನಗಳಲ್ಲಿ ಕೂರತೊಡಗಿದೆವು. ಅತ್ಯಂತ ಹಳೆಯ ಪುಸ್ತಕದ ಮೊದಲ ಹಾಳೆಯ ತಲೆಯಲ್ಲಿ ಶ್ರೀ ಎಂದಿತ್ತು. ಅದರ ಕೆಳಗೆ ಗಣೇಶನಿಗೆ ನಮಸ್ಕಾರ. ಅದರ ಕೆಳಗಿನ ಸಾಲನ್ನು ಅವರು ನಿಧಾನವಾಗಿ ಕೂಡಿಸಿ ಓದಿದರು: ‘ಶ್ರೀ ದೇವಕೀಕೃಷ್ಣ ರವಳನಾಥ ಪ್ರಸನ್ನ.’ ಆಮೇಲೆ ಶಕೆ 1799, ಈಶ್ವರನಾಮ ಸಂವತ್ಸರ.

ಶಕೆ 1799 ಎಂದರೆ 1877. ನಮ್ಮ ಜನ ಇಂದಿಗೂ ಧಾತು ಈಶ್ವರದ ಬರ ಎಂದು ನೆನೆಯುವ ಭೀಕರ ಕ್ಷಾಮದ ಎರಡನೆಯ ವರ್ಷ. 1876ರಿಂದ 1878ರವರೆಗೆ ಮೈಸೂರು ಸೀಮೆಯನ್ನೂ ಧಾರವಾಡ, ಬಳ್ಳಾರಿಗಳನ್ನೂ ಹಿಂಡಿದ ಬರ ಅದು. ಕಿರ್ದಿಯ ಆ ವರ್ಷದ ಪುಟಗಳಲ್ಲಿ ಹೊಸ ಒಡವೆ ಮಾಡಿಕೊಟ್ಟ ಲೆಕ್ಕ ತೀರ ಕಡಿಮೆ. ಬರುವುದೆಲ್ಲ ಹಳೆಯ ಬೆಳ್ಳಿ: ಕಡಗ, ಕಾಲ್ಗೆಜ್ಜೆ, ಉಡಿದಾರ, ಮತ್ತೆ ಕಡಗ. ಮುಂದೆ ತೂಕ, ಅದರ ಮುಂದೆ ಕೊಟ್ಟ ಹಣ, ಕೆಲವೆಡೆ ಹಣದ ಬದಲು ಅಕ್ಕಿ. ಮಾರಿದವರ ಹೆಸರಿನ ಬಳಿ ‘ಘಟ್ಟದ ಮೇಲಿನವ’ ಎಂದಷ್ಟೇ ಇದೆ. ಮಕ್ಕಳ ಉಡಿದಾರಗಳನ್ನೂ ಬಿಚ್ಚಿಕೊಟ್ಟು ಹೋಗಿದ್ದಾರೆ. ಆ ಕಾಲದಲ್ಲಿ ರೈತರ ಬೆಳ್ಳಿ ಒಡವೆಗಳು ರಾಶಿ ರಾಶಿಯಾಗಿ ಮುಂಬೈಯ ಟಂಕಸಾಲೆಗೆ ಕರಗಲು ಬಂದವೆಂದು ಇತಿಹಾಸದ ಪುಸ್ತಕಗಳು ಹೇಳುತ್ತವೆ. ಆ ರಾಶಿಯ ಒಂದು ಹಿಡಿ ನಮ್ಮ ಮುತ್ತಜ್ಜನ ತಂದೆಯ ತಕ್ಕಡಿಯ ಮೇಲೆ ಹಾದುಹೋಗಿದೆ. ಹಿರಿಯರು ಆ ಪುಟಗಳನ್ನು ಓದುವಾಗ ನಾವಿಬ್ಬರೂ ಹೆಚ್ಚು ಮಾತಾಡಲಿಲ್ಲ. ಮನೆತನದ ಮೂಲ ಹುಡುಕಲು ಹೋದವಳಿಗೆ ಯಾರದೋ ಮನೆಯ ಸಂಕಟ ಕೈಗೆ ಸಿಕ್ಕಿತ್ತು. ಆ ಪುಟಗಳನ್ನು ನಾನು ಪೂರ್ತಿ ನಕಲು ಮಾಡಿಟ್ಟಿದ್ದೇನೆ.

ಅದೇ ವರ್ಷದ ಪುಷ್ಯ ಮಾಸದಲ್ಲಿ ಒಂದು ಸಾಲು: ಮಾಶೇಲಕ್ಕೆ ಕಳಿಸಿದ್ದು, ಎಂಟಾಣೆ. ಮುಂದಿನ ವರ್ಷ ಮತ್ತೆ ಪುಷ್ಯದಲ್ಲಿ, ಅದರ ಮುಂದಿನ ವರ್ಷವೂ. ಬರದ ವರ್ಷದಲ್ಲಿಯೂ ಅದು ತಪ್ಪಿಲ್ಲ. ಅತ್ತೆ ಹೇಳಿದ ಮನಿಯಾರ್ಡರಿನ ಬೇರು ಅಲ್ಲಿತ್ತು. ಮಾಶೇಲ ಗೋವೆಯ ಫೋಂಡಾ ತಾಲ್ಲೂಕಿನ ಊರು. ಅಲ್ಲಿನ ದೇವಕೀಕೃಷ್ಣನ ದೇವಸ್ಥಾನ ಮೂಲತಃ ಇದ್ದದ್ದು ಚೋಡಣ ದ್ವೀಪದಲ್ಲಿ. ಪೋರ್ಚುಗೀಸರು ದೇವಾಲಯಗಳನ್ನು ಕೆಡವತೊಡಗಿದಾಗ ಭಕ್ತರು ಮೂರ್ತಿಯನ್ನು ಮೊದಲು ಡಿಚೋಲಿಯ ಮಯೆಂ ಊರಿಗೆ, ಅಲ್ಲಿಂದ ಮಾಶೇಲಕ್ಕೆ ಸಾಗಿಸಿದರು. ಅಲ್ಲಿಯ ದೊಡ್ಡ ಜಾತ್ರೆ ಮಾಲಿನಿ ಪೌರ್ಣಮಿ, ಅದು ಬರುವುದು ಪುಷ್ಯದ ಹುಣ್ಣಿಮೆಗೆ. ಅಡ್ಡಹೆಸರು ತೋರಿಸಿದ ಊರನ್ನೇ ಎಂಟಾಣೆಯ ಲೆಕ್ಕವೂ ತೋರಿಸಿತು. ನನಗೆ ಮೊದಲ ಬಾರಿ ಧೈರ್ಯ ಬಂದದ್ದು ಆಗ. ಹೆಸರು ಒಂದೇ ಆಗಿದ್ದರೆ ಅದು ಎಲ್ಲಿಂದಲೋ ಅಂಟಿಕೊಂಡಿರಬಹುದು ಎನ್ನಬಹುದಿತ್ತು. ಕುಲದೇವರಿಗೆ ತಲೆತಲಾಂತರದಿಂದ ಸಲ್ಲುತ್ತಿದ್ದ ಕಾಣಿಕೆಯ ಬಗ್ಗೆ ಹಾಗೆ ಹೇಳಲಾಗುವುದಿಲ್ಲ.

ಇನ್ನು ಬೆಂಗಳೂರಿನಲ್ಲಿ ಸಿಗುವ ದಾಖಲೆಗಳ ಮಾತು. ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋದೆ. ಅಲ್ಲಿಯ ಸಿಬ್ಬಂದಿ ಆಸಕ್ತಿಯಿಂದ ಕೇಳಿಸಿಕೊಂಡು ವಿಷಯವನ್ನು ನೇರವಾಗಿ ಹೇಳಿದರು: ಇಲ್ಲಿರುವುದು ಮುಖ್ಯವಾಗಿ ಮೈಸೂರು ಸಂಸ್ಥಾನದ ಕಡತಗಳು, ನಿಮ್ಮ ಜಿಲ್ಲೆ ಆಗ ಮೈಸೂರಿಗೆ ಸೇರಿರಲಿಲ್ಲ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕೆನರಾ ಇಡಿಯಾಗಿ ಕಂಪನಿಯ ವಶವಾಗಿ ಮದ್ರಾಸಿಗೆ ಸೇರಿತು. 1862ರಲ್ಲಿ ಉತ್ತರದ ಭಾಗವನ್ನು ಮುಂಬೈ ಪ್ರಾಂತಕ್ಕೆ ಕೊಟ್ಟರು. 1956ರವರೆಗೂ ಅದು ಅಲ್ಲೇ ಇತ್ತು. ಕರಾವಳಿಯ ಮನೆತನದವರು ಈ ಮೂರು ಇಸವಿಗಳನ್ನು ನೆನಪಿಟ್ಟುಕೊಂಡರೆ ಯಾವ ಊರಿನ ಪತ್ರಾಗಾರದ ಬಾಗಿಲು ತಟ್ಟಬೇಕು ಎನ್ನುವುದು ತಿಳಿಯುತ್ತದೆ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಗೂ ಹೋಗಿದ್ದೆ. 1909ರಲ್ಲಿ ಹುಟ್ಟಿದ ಸಂಸ್ಥೆ ಅದು. ಓದುವ ಕೋಣೆಯಲ್ಲಿ ಗದ್ದಲವಿಲ್ಲ, ಹಳೆಯ ಪುಸ್ತಕಗಳ ನಡುವೆ ದಿನವಿಡೀ ಕೂರಬಹುದು. ನನಗೆ ಬೇಕಾಗಿದ್ದದ್ದು ಮುಂಬೈ ಗೆಜೆಟಿಯರಿನ ಹದಿನೈದನೆಯ ಸಂಪುಟ. ಕೆನರಾ ಜಿಲ್ಲೆಗೆ ಮೀಸಲಾದ ಅದು 1883ರಲ್ಲಿ ಎರಡು ಭಾಗಗಳಲ್ಲಿ ಹೊರಬಂತು. ಕರಾವಳಿಯ ಅನೇಕ ಸಮುದಾಯಗಳು ತಾವು ಗೋವೆಯಿಂದ ಬಂದವರೆಂದು ಹೇಳಿಕೊಳ್ಳುವುದನ್ನು ಅದು ಒಂದೊಂದಾಗಿ ದಾಖಲಿಸಿದೆ.

ಅದನ್ನು ಓದಿದ ಮೇಲೆ ನನಗೆ ಇನ್ನೊಂದು ಪ್ರಶ್ನೆ ಹುಟ್ಟಿತು. ಗೋವೆ ಬಿಟ್ಟವರು ನೇರವಾಗಿ ಕುಮಟೆಗೇ ಏಕೆ ಬರಬೇಕು? ಉತ್ತರ ಹತ್ತಿಯಲ್ಲಿತ್ತು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಹಡಗು ಹತ್ತುತ್ತಿದ್ದದ್ದು ಕುಮಟೆಯ ಬಂದರಿನಲ್ಲಿ. ಇಂಗ್ಲೆಂಡಿನ ಮಾರುಕಟ್ಟೆಯಲ್ಲಿ ಆ ಹತ್ತಿಗೆ ಕುಮಟೆಯ ಹೆಸರೇ ಇತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತುಹೋದಾಗ ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂತು. ವ್ಯಾಪಾರಿಗಳ ಕೈಯಲ್ಲಿ ಹಣ ಓಡಾಡುವ ಊರಿಗೆ ಅಕ್ಕಸಾಲಿಗರು ಬರುವುದು ಸಹಜ. ಹಾಗಿದ್ದರೆ ನಮ್ಮವರು ಕುಮಟೆಗೆ ಬಂದದ್ದು ಗೋವೆಯಿಂದ ಅಲ್ಲ, ನಡುವೆ ಬೇರೊಂದು ಊರು ಇದ್ದಿರಬೇಕು ಎನಿಸಿತು.

ಅಣ್ಣನೂ ನಾನೂ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಹೋದೆವು. ಕಚೇರಿಗಳ ಅಲೆದಾಟವನ್ನು ವಿವರಿಸುವುದಿಲ್ಲ. ಒಂದು ಕಡೆ ಹಳೆಯ ರಿಜಿಸ್ಟರುಗಳ ಕಟ್ಟಿಗೆ ಗೆದ್ದಲು ಹಿಡಿದಿತ್ತು, ಇನ್ನೊಂದು ಕಡೆ ಬೀಗದ ಕೈ ಇದ್ದವರು ರಜೆಯಲ್ಲಿದ್ದರು. ಅಜ್ಜ ಕಲಿತ ಶಾಲೆಯಲ್ಲಿ ಮಾತ್ರ ಮುಖ್ಯೋಪಾಧ್ಯಾಯರು ದಾಖಲಾತಿ ಪುಸ್ತಕವನ್ನು ತಾವೇ ಹುಡುಕಿ ತೆಗೆದು, ಧೂಳು ಒರೆಸಿ ಮೇಜಿನ ಮೇಲಿಟ್ಟರು. ಅಜ್ಜನ ಹೆಸರಿನ ಸಾಲಿನಲ್ಲಿ ಅಡ್ಡಹೆಸರು ‘ಶೇಟ’ ಎಂದಿದೆ, ಚೋಡಣಕರ್ ಎಂದಿಲ್ಲ. ಅಣ್ಣನ ಮುಖ ಸಣ್ಣದಾಯಿತು. ಆದರೆ ಕಿರ್ದಿ ಪುಸ್ತಕಗಳ ನಡುವೆ ಮಡಚಿಟ್ಟಿದ್ದ ಒಂದು ಖರೀದಿ ಪತ್ರ ನಮ್ಮ ಬಳಿ ಇತ್ತು, 1871ರದು. ಬಸವನಗುಡಿಯ ಹಿರಿಯರು ಅದನ್ನು ಓದಿಕೊಟ್ಟಿದ್ದರು. ಕುಮಟೆಯ ಪೇಟೆಯಲ್ಲಿ ಮನೆ ಕೊಂಡವನ ಹೆಸರಿನ ಮುಂದೆ ‘ಶೇಟ ಚೋಡಣಕರ, ಸಾಕೀನ ಸದಾಶಿವಗಡ, ಹಾಲಿ ವಸ್ತಿ ಕುಮಟೆ’ ಎಂದು ಅದರಲ್ಲಿತ್ತು, ಅಂದರೆ ಸ್ವಂತ ಊರು ಸದಾಶಿವಗಡ, ಆಗ ಇದ್ದದ್ದು ಕುಮಟೆಯಲ್ಲಿ. ಕಸುಬಿನ ಗೌರವದ ಹೆಸರು ಒಂದು, ಊರಿನ ಹೆಸರು ಒಂದು. ಊರಿನಲ್ಲಿ ಎಲ್ಲರೂ ಗುರುತಿಸುವಾಗ ಶೇಟ ಸಾಕು. ಮನೆ ಕೊಳ್ಳುವಾಗ, ಪರವೂರಿಗೆ ಹೋದಾಗ ಚೋಡಣಕರ್ ಬೇಕು. ಅಜ್ಜ ಬೆಂಗಳೂರಿಗೆ ಬಂದಾಗ ಎರಡನೆಯದನ್ನು ಮುಂದಕ್ಕೆ ತಂದುಕೊಂಡಿದ್ದಾರೆ. ಉತ್ತರ ಕನ್ನಡದ ಎಷ್ಟೋ ಮನೆಗಳಲ್ಲಿ ಅಣ್ಣನ ಮಕ್ಕಳು ಶೇಟ್, ತಮ್ಮನ ಮಕ್ಕಳು ಇನ್ನೇನೋ ಕರ್ ಆಗಿರುವುದು ಹೀಗೆಯೇ. ಹೆಸರು ಬೇರೆಯಾಯಿತೆಂದು ಹುಡುಕಾಟ ನಿಲ್ಲಿಸಬಾರದು.

ಸದಾಶಿವಗಡ ಕಾರವಾರದ ಕಾಳಿ ನದಿಯ ಉತ್ತರ ದಂಡೆಯಲ್ಲಿದೆ. ಸೋದೆಯ ಅರಸರ ಕೋಟೆ ಇದ್ದ ಊರು, ಅಲ್ಲಿಂದ ಗೋವೆಯ ಗಡಿ ದೂರವಿಲ್ಲ. ನಡುವಿನ ಊರು ಸಿಕ್ಕಿತು. ಅಲ್ಲಿಂದ ಹಿಂದಕ್ಕೆ ಹೋಗಲು ಗೋವೆಗೇ ಹೋಗಬೇಕು.

ಪಣಜಿಯಲ್ಲಿರುವ ಗೋವೆಯ ಪತ್ರಾಗಾರ ಸಾಮಾನ್ಯದ್ದಲ್ಲ. 1595ರಲ್ಲಿ ಇತಿಹಾಸಕಾರ ದಿಯೊಗು ದು ಕೌತು ಅದರ ಮೊದಲ ಪಾಲಕನಾಗಿ ನೇಮಕಗೊಂಡ. 20ನೆಯ ಶತಮಾನದಲ್ಲಿ ಪಾಂಡುರಂಗ ಪಿಸುರ್ಲೇಕರ್ ಅವರು ಮೂರು ದಶಕಗಳ ಕಾಲ ಅದನ್ನು ನೋಡಿಕೊಂಡರು. ಅಲ್ಲಿ ಹುಡುಕುವವರಿಗೆ ಪೋರ್ಚುಗೀಸ್ ಕಾಗುಣಿತದ ಪರಿಚಯ ಇರಲೇಬೇಕು. ಅವರು ಶೇಟ್ ಎಂಬುದನ್ನು ಎಕ್ಸ್ ಅಕ್ಷರದಿಂದ ಆರಂಭಿಸುತ್ತಾರೆ, ‘ಕರ್’ ಬರೆಯುವಾಗ ಕೆ ಬದಲು ಸಿ ಹಾಕುತ್ತಾರೆ. ನಮ್ಮ ಹೆಸರನ್ನು ನಾವು ಬರೆಯುವ ಹಾಗೆ ಹುಡುಕಿದರೆ ಏನೂ ಸಿಗುವುದಿಲ್ಲ. ದ್ವೀಪದ ಹಳೆಯ ವ್ಯವಸ್ಥೆಯನ್ನು ತಿಳಿಯಲು ಆಧಾರವಾಗುವುದು 1526ರಲ್ಲಿ ಅಫೋನ್ಸು ಮೆಶಿಯಾ ಬರೆಯಿಸಿದ ಫೋರಲ್ ಎಂಬ ಶಾಸನಪತ್ರ. ತೀಸವಾಡಿಯ ಊರುಗಳನ್ನು ಗಾಂವಕಾರರು, ಅಂದರೆ ಊರಿನ ಮೂಲ ಮನೆತನಗಳವರು, ಹೇಗೆ ನಡೆಸುತ್ತಿದ್ದರು, ಜಮೀನು ಯಾರ ಹಕ್ಕು, ತೆರಿಗೆ ಹೇಗೆ ಎಂಬ ರೂಢಿಗಳೆಲ್ಲ ಅದರಲ್ಲಿವೆ. ಆದರೆ ಅದು ಊರುಗಳ, ಗಾಂವಕಾರರ ಲೆಕ್ಕ. ಊರಿಗೆ ಒಡವೆ ಮಾಡಿಕೊಡುವ ಶೇಟನ ಮನೆತನದ ಹೆಸರು ಅದರಲ್ಲಿ ಸಿಗುವುದಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಗೋವೆಯಿಂದ ಬಂದ ಮನೆತನಗಳಲ್ಲಿ ಎಲ್ಲರೂ ಹೇಳುವ ಇಸವಿ 1560, ಪೋರ್ಚುಗೀಸರ ಇನ್‌ಕ್ವಿಸಿಷನ್ ಎಂಬ ಧಾರ್ಮಿಕ ನ್ಯಾಯಾಲಯ ಅಲ್ಲಿ ಸ್ಥಾಪನೆಯಾದ ವರ್ಷ. ಗೋವೆಯ ಬಾರ್ದೇಸ, ಸಾಸಷ್ಟಿ ತಾಲ್ಲೂಕುಗಳ ಮನೆತನಗಳಿಗೆ ಅದು ಒಪ್ಪಬಹುದು. ದ್ವೀಪದವರಿಗೆ ಒಪ್ಪುವುದಿಲ್ಲ. 1510ರಲ್ಲಿ ಅಲ್ಬುಕರ್ಕ್ ಗೋವೆಯನ್ನು ಗೆದ್ದಾಗಲೇ ಚೋಡಣ, ದಿವಾಡಿಗಳು ಪೋರ್ಚುಗೀಸರ ಕೈಸೇರಿದವು. 1540ರಲ್ಲಿ ತೀಸವಾಡಿಯ ದ್ವೀಪಗಳ ದೇವಾಲಯಗಳನ್ನು ಕೆಡವಲಾಯಿತು. ದಿವಾಡಿಯ ಸಪ್ತಕೋಟೇಶ್ವರ, ಗೋವೆಯ ಕದಂಬರ ಕುಲದೈವ, ನದಿ ದಾಟಿ ಡಿಚೋಲಿಯ ನಾರ್ವೆ ಎಂಬ ಊರಿಗೆ ಹೋದದ್ದು ಆ ಕಾಲದಲ್ಲೇ. ಅವನ ಆ ಹೊಸ ಗುಡಿಯನ್ನು ಶಿವಾಜಿ 1668ರಲ್ಲಿ ಜೀರ್ಣೋದ್ಧಾರ ಮಾಡಿಸಿದ. 1541ರಲ್ಲಿ ದೇವಸ್ಥಾನಗಳ ಭೂಮಿಯ ಆದಾಯವನ್ನು ಚರ್ಚುಗಳ ಖರ್ಚಿಗೆ ತಿರುಗಿಸಿದರು. ನ್ಯಾಯಾಲಯ ಬರುವ ಇಪ್ಪತ್ತು ವರ್ಷ ಮೊದಲೇ ದ್ವೀಪದಲ್ಲಿ ಗುಡಿಯೂ ಇರಲಿಲ್ಲ, ಉಂಬಳಿಯೂ ಇರಲಿಲ್ಲ.

ಹಾಗೆಂದು ನಮ್ಮವರು 1540ರಲ್ಲೇ ಹೊರಟರು ಎಂದೂ ನಾನು ಬರೆಯಲಾರೆ. ದೇವರು ಹೋದಾಗಲೇ ಜನರೂ ಹೋಗಬೇಕೆಂದಿಲ್ಲ. ಪೋರ್ಚುಗೀಸರಿಗೆ ಅಕ್ಕಸಾಲಿಗರು ಬೇಕಾಗಿದ್ದರು. ರಾವ್ಳು ಶೇಟ್ ಎಂಬ ಗೋವೆಯ ಅಕ್ಕಸಾಲಿಗ 16ನೆಯ ಶತಮಾನದ ಆರಂಭದಲ್ಲಿ ಲಿಸ್ಬನ್ನಿಗೇ ಹೋಗಿ ಅಲ್ಲಿಯ ದೊರೆಗೆ ಕೆಲಸ ಮಾಡಿದ್ದನ್ನು ಅವರ ದಾಖಲೆಗಳೇ ಹೇಳುತ್ತವೆ. ಹಿಂದೂ ಅಕ್ಕಸಾಲಿಗರು ಗೋವೆ ನಗರದಲ್ಲಿ ಮುಂದೆಯೂ ಉಳಿದಿದ್ದರು. 1683ರಲ್ಲಿ ಸಂಭಾಜಿ ಪಕ್ಕದ ಜುವೆ ದ್ವೀಪದ ಕೋಟೆಯನ್ನೇ ಹಿಡಿದಾಗ, ಅದರ ಮರುವರ್ಷ ವೈಸರಾಯ್ ಕೊಂಕಣಿ ಭಾಷೆಯನ್ನೇ ನಿಷೇಧಿಸಿ ಆಜ್ಞೆ ಹೊರಡಿಸಿದಾಗ, ಆ ನಂತರ ರೋಗರುಜಿನ ಹರಡಿದಾಗ ಜನ ಮತ್ತೆ ಮತ್ತೆ ಹೊರಟಿದ್ದಾರೆ. ನಮ್ಮವರು ಯಾವ ಗುಂಪಿನಲ್ಲಿದ್ದರು ಎನ್ನುವುದಕ್ಕೆ ಕಾಗದ ಸಿಗುವವರೆಗೆ ನಾನು ಇಸವಿ ಬರೆಯುವುದಿಲ್ಲ. ದೊಡ್ಡಪ್ಪನಿಗೆ ಇದು ಹಿಡಿಸಲಿಲ್ಲ. ‘ಒಂದು ಇಸವಿ ಹಾಕಮ್ಮ, ಮಕ್ಕಳಿಗೆ ಹೇಳಲು ಬೇಕಲ್ಲ’ ಎಂದರು. ಮಕ್ಕಳಿಗೆ ಹೇಳಬೇಕಾದ್ದರಿಂದಲೇ ಹಾಕಲಿಲ್ಲ.

ಮಾಶೇಲದ ದೇವಸ್ಥಾನಕ್ಕೆ ಹೋದದ್ದು ಪಣಜಿಯ ಪತ್ರಾಗಾರ ನೋಡಿದ ಮರುದಿನ. ಗರ್ಭಗುಡಿಯಲ್ಲಿ ದೇವಕಿ ಬಾಲಕೃಷ್ಣನನ್ನು ಎತ್ತಿಕೊಂಡು ನಿಂತಿದ್ದಾಳೆ. ಯಶೋದೆಯ ಮಡಿಲಿನ ಕೃಷ್ಣನನ್ನು ಎಲ್ಲೆಲ್ಲೂ ನೋಡುತ್ತೇವೆ, ಹೆತ್ತ ತಾಯಿಯ ತೋಳಿನಲ್ಲಿರುವವನನ್ನು ನಾನು ನೋಡಿದ್ದು ಇಲ್ಲೇ. ಪಕ್ಕದಲ್ಲಿ ರವಳನಾಥ. ಗುಡಿಯ ಮುಂದಿನ ಬಯಲಿನಲ್ಲಿ ಆಷಾಢದ ಏಕಾದಶಿಯ ಮರುದಿನ ಕೆಸರಿನಲ್ಲಿ ಆಡುವ ಚಿಖಲಕಾಲೆ ನಡೆಯುತ್ತದೆ. 1886ರಲ್ಲಿ ಪೋರ್ಚುಗೀಸ್ ಸರ್ಕಾರ ದೇವಸ್ಥಾನಗಳ ಆಡಳಿತಕ್ಕೆ ಕಾಯಿದೆ ಮಾಡಿದ ಮೇಲೆ ಗೋವೆಯಲ್ಲಿ ಮಹಾಜನರ, ಅಂದರೆ ದೇವಸ್ಥಾನದ ಆಡಳಿತದಲ್ಲಿ ಹಕ್ಕುಳ್ಳವರ, ಪಟ್ಟಿಗಳು ಸಿದ್ಧವಾದವು. ಅಷ್ಟರಲ್ಲಿ ದೂರ ಹೋಗಿ ನೆಲೆಸಿದವರು ಆ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಅವರು ಕುಳಾವಿಗಳು, ಅಂದರೆ ಸೇವೆ ಸಲ್ಲಿಸುವ ಭಕ್ತರು. ನಾನು ಕಿರ್ದಿಯ ಪುಟದ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದೆ. ಅರ್ಚಕರು ಅದನ್ನು ದೊಡ್ಡದು ಮಾಡಿ ನೋಡಿ, ‘ಪುಷ್ಯದ್ದಲ್ಲವೇ?’ ಎಂದು ಕೇಳಿದರು. ದಿನಾಂಕ ನಾನು ಹೇಳಿರಲಿಲ್ಲ. ಅಣ್ಣ ಆ ವರ್ಷದ ಕಾಣಿಕೆಯನ್ನು ಅಲ್ಲೇ ಕಟ್ಟಿ ರಸೀದಿ ತೆಗೆದುಕೊಂಡ.

ರಿಬಂದರಿನಿಂದ ಫೆರಿ ಹತ್ತಿದರೆ ಚೋಡಣ ಕೆಲವೇ ನಿಮಿಷದ ದಾರಿ. ದ್ವೀಪದ ಪಶ್ಚಿಮದ ತುದಿಯಲ್ಲಿ ಕಾಂಡ್ಲಾ ಕಾಡು, ಅದು 1988ರಿಂದ ಸಲೀಂ ಅಲಿ ಅವರ ಹೆಸರಿನ ಪಕ್ಷಿಧಾಮ. ಒಳಗೆ ಹೋದಂತೆ ಹಳೆಯ ದೊಡ್ಡ ಮನೆಗಳು, ಸೇಂಟ್ ಬಾರ್ತಲೋಮಿಯೋ ಚರ್ಚು, ತಗ್ಗಿನಲ್ಲಿ ಖಾಜಾನ್ ಗದ್ದೆಗಳು. ನದಿಯ ಉಪ್ಪುನೀರು ನುಗ್ಗದಂತೆ ಮಣ್ಣಿನ ಒಡ್ಡು, ಒಡ್ಡಿನಲ್ಲಿ ಹಲಗೆಯ ಬಾಗಿಲಿನ ತೂಬು. ಭರತದ ನೀರು ತಳ್ಳಿದಾಗ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ, ಇಳಿತದಲ್ಲಿ ಗದ್ದೆಯ ನೀರು ಅದನ್ನು ತಳ್ಳಿ ಹೊರಗೆ ಹರಿಯುತ್ತದೆ. ಅಣ್ಣನೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಘನಾಶಿನಿಯ ಅಳಿವೆಯಲ್ಲಿ, ಕುಮಟೆಯ ಪಕ್ಕದಲ್ಲೇ, ಗಜನಿ ಗದ್ದೆಗಳಿಗೆ ಇರುವುದೂ ಇದೇ ಬಗೆಯ ಒಡ್ಡು, ಇದೇ ಬಗೆಯ ಬಾಗಿಲು. ಅಲ್ಲಿ ಬೆಳೆಯುವುದು ಉಪ್ಪು ತಾಳುವ ಕಗ್ಗ ಭತ್ತ, ಇಲ್ಲಿ ಬೆಳೆಯುವುದು ಕೊರ್ಗುಟ್. ಇಂಥ ನೆಲದಿಂದ ಹೊರಟವರಿಗೆ ಕುಮಟೆಯ ನೆಲ ಪರಕೀಯ ಅನ್ನಿಸಿರಲಾರದು.

ಒಡ್ಡಿನ ಮೇಲೆ ಸಿಕ್ಕ ಕ್ರೈಸ್ತ ಹಿರಿಯರೊಬ್ಬರು ನಮ್ಮ ಕೊಂಕಣಿ ಕೇಳಿ ಎಲ್ಲಿಯವರೆಂದು ವಿಚಾರಿಸಿದರು. ಹೆಸರು ಹೇಳಿದೊಡನೆ, ‘ಹಾಗಾದರೆ ಇದು ನಿಮ್ಮ ಊರೇ ಅಲ್ಲವೇ ಬಾಯ್, ಬನ್ನಿ’ ಎಂದು ಮನೆಗೆ ಕರೆದುಕೊಂಡು ಹೋದರು. ಅವರ ಅಡ್ಡಹೆಸರು ಪೋರ್ಚುಗೀಸ್. ದೀಕ್ಷೆ ಪಡೆದವರಿಗೆ ಧರ್ಮಪಿತನ ಅಥವಾ ಪಾದ್ರಿಯ ಅಡ್ಡಹೆಸರನ್ನು ಕೊಡುವ ರೂಢಿ ಆಗ ಇತ್ತು. ಹಾಗಾಗಿ ದ್ವೀಪ ಬಿಡದೆ, ಅದೇ ಒಡ್ಡು ಕಟ್ಟಿಕೊಂಡು, ಅದೇ ಗದ್ದೆ ಉತ್ತುಕೊಂಡು ಬಂದ ಆ ಮನೆಗಳಿಗೆ ದೂರದ ಲಿಸ್ಬನ್ನಿನ ಹೆಸರು ಬಂತು. ಬಿಟ್ಟು ಹೋದ ನಾವು ಊರಿನ ಹೆಸರನ್ನು ಹೊತ್ತುಕೊಂಡು ಸದಾಶಿವಗಡ, ಕುಮಟೆ, ನಗರತಪೇಟೆ ತಿರುಗಿದೆವು. ಇವರಲ್ಲಿ ಯಾರು ಹೆಚ್ಚು ಚೋಡಣದವರು ಎಂಬ ಪ್ರಶ್ನೆಗೆ ನನ್ನ ಬಳಿ ಉತ್ತರ ಸ್ಪಷ್ಟವಾಗಿದೆ: ಅವರು. ಮೂಲ ಹುಡುಕುವ ಉತ್ಸಾಹದಲ್ಲಿ ಅಲ್ಲಿ ಉಳಿದವರನ್ನು ಹೊರಗಿನವರಂತೆ ಕಾಣುವವರನ್ನು ನಾನು ನಮ್ಮವರಲ್ಲೇ ಕಂಡಿದ್ದೇನೆ. ಅದು ನನಗೆ ಸರಿ ಕಾಣುವುದಿಲ್ಲ. ನಮ್ಮ ಎರಡು ಮನೆಗಳ ಹಿಂದಿನವರು ಒಂದೇ ಬಾವಿಯ ನೀರು ಕುಡಿದಿರಬಹುದು.

ಈಗ ಅಣ್ಣನ ಮಗಳು ಬರೆದಿರುವ ವಂಶವೃಕ್ಷದಲ್ಲಿ 1871ರಿಂದ ಇಂದಿನವರೆಗೆ ಗಂಡುಮಕ್ಕಳ ಜೊತೆ ಹೆಣ್ಣುಮಕ್ಕಳ ಹೆಸರುಗಳೂ ಇವೆ, ಅವರು ಯಾವ ಮನೆಗೆ ಹೋದರು ಎನ್ನುವುದೂ ಇದೆ. ಅದನ್ನೆಲ್ಲ ಹೇಳಿದವರು ಮಲ್ಲೇಶ್ವರದ ಅತ್ತೆ. ಸದಾಶಿವಗಡದ ಆಚೆಗೆ ಅವಳು ಗೆರೆ ಎಳೆಯದೆ ಜಾಗ ಬಿಟ್ಟು, ಮೇಲೆ ಚೋಡಣ ಎಂದು ಬರೆದಿದ್ದಾಳೆ. ಕಿರ್ದಿ ಪುಸ್ತಕಗಳ ಪ್ರತಿ ಪುಟದ ಚಿತ್ರ ತೆಗೆದು ಮನೆಯವರೆಲ್ಲರಿಗೂ ಹಂಚಿದ್ದೇವೆ. ಬಸವನಗುಡಿಯ ಹಿರಿಯರು ಉಳಿದ ಎರಡು ಪುಸ್ತಕಗಳನ್ನು ಓದುತ್ತಿದ್ದಾರೆ. 1862ರ ನಂತರದ ಸದಾಶಿವಗಡದ ಕಡತಗಳಿಗಾಗಿ ಮುಂಬೈಯ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರ ಪತ್ರಾಗಾರಕ್ಕೆ ಅರ್ಜಿ ಹೋಗಿದೆ. ಹಬ್ಬದ ಸಮಯದಲ್ಲಿ ಅಂಗಡಿ ಬಿಟ್ಟು ಹೊರಡಲು ಅಣ್ಣನಿಗೆ ಆಗುವುದಿಲ್ಲ. ದೀಪಾವಳಿ ಕಳೆದ ಮೇಲೆ ಅವನು, ಅವನ ಮಗಳು, ನಾನು, ಮೂವರೂ ಹೋಗುತ್ತೇವೆ.